ಅಟ್ಟದ ಧೂಳು, ವಾರಕ್ಕೊಂದು ಇಂಜೆಕ್ಷನ್

ತಿಪಟೂರು ಸೀಮೆಲಿ ಯಾರ ಮನೆಗೆ ಹೋದ್ರೂ ಅಟ್ಟದ ಮೇಲೆ ಕೊಬ್ಬರಿ ಇರತ್ತೆ. ಬಲಿತ ಕಾಯಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಂಗೇ ಬಿಟ್ರೆ ಒಳಗಿನ ನೀರೆಲ್ಲ ಇಂಗಿಹೋಗಿ, ಕೈಗೆತ್ಕೊಂಡು ಅಲ್ಲಾಡ್ಸಿದ್ರೆ ಒಳಗೆ ಗಡಗಡ ಅನ್ನತ್ತೆ, ಆಗ ಗೊತ್ತಾಗತ್ತೆ ಕೊಬ್ಬರಿ ಆಯ್ತು ಅಂತ. ನಾನು, ನನ್ನ ತಮ್ಮ ಬೆಳೆದಿದ್ದೇ ಆ ಅಟ್ಟದಲ್ಲಿ. ಬೇಸಿಗೆ ರಜದಲ್ಲಿ ಮಧ್ಯಾಹ್ನ ಊಟ ಆದ್ಮೇಲೆ ಏಣಿ ಹತ್ತಿದ್ರೆ ಅಮ್ಮ ಕೂಗೋವರೆಗೂ ಇಳೀತಿರ್ಲಿಲ್ಲ. ಹಳೇ ಟ್ರಂಕು, ಮುರಿದ ತೊಟ್ಲು, ಹಂಚಿನ ಸಂದಿಯಿಂದ ಬೀಳೋ ಬಿಸಿಲುಕೋಲು, ಅದ್ರೊಳಗೆ ತೇಲ್ತಾ ಇರೋ ಧೂಳು. ಆ ಧೂಳನ್ನ ಹಿಡಿಯೋಕೆ ಕೈ ಚಾಚ್ತಿದ್ವಿ.

ನನ್ನ ಮಗ ಅದೇ ಅಟ್ಟ ಮೊದಲನೇ ಸಲ ಹತ್ತಿದ್ದು ಐದು ವರ್ಷ ಇದ್ದಾಗ, ಏಪ್ರಿಲ್ ರಜದಲ್ಲಿ, ಮಾವನ ಕೈ ಹಿಡ್ಕೊಂಡು. ಒಂದು ಗಂಟೆ ಆಡಿ ಮೈಯೆಲ್ಲ ಮಣ್ಣು ಮಾಡ್ಕೊಂಡು ಇಳಿದ, ಕಣ್ಣು ಕೆಂಪಗಾಗಿತ್ತು, ಸೀನ್ತಾನೇ ಇದ್ದ, ಸಂಜೆ ಹೊತ್ತಿಗೆ ಮೂಗು ಕಟ್ತು. ಇದೆಲ್ಲ ನಮಗೆ ಹೊಸದೇನಲ್ಲ, ಅವನಿಗೆ ಎರಡು ವರ್ಷ ಆದಾಗಿಂದ ತಿಂಗಳಿಗೊಂದ್ಸಲ ಹಿಂಗೇ ಇತ್ತು, ಹಾಗಾಗಿ ಮೂಗಿಗೆ ಡ್ರಾಪ್ಸ್ ಹಾಕಿ ಮಲಗ್ಸಿದೆ. ರಾತ್ರಿ ಒಂದೂವರೆಗೆ ಎಚ್ಚರ ಆದಾಗ ಹಾಸಿಗೆ ಮೇಲೆ ಎದ್ದು ಕೂತಿದ್ದ, ಎರಡೂ ಕೈ ಮುಂದಕ್ಕೆ ಊರಿ, ಬೆನ್ನು ಬಗ್ಗಿಸಿ. ಅಳ್ತಿರ್ಲಿಲ್ಲ, ಅಳೋಕೆ ಬೇಕಾದ ಉಸಿರೇ ಇರ್ಲಿಲ್ಲ. ಉಸಿರು ಎಳೆದಾಗೆಲ್ಲ ಪಕ್ಕೆ ಒಳಗೆ ಹೋಗ್ತಿತ್ತು, ಕತ್ತಿನ ಕೆಳಗೆ ಗುಳಿ ಬೀಳ್ತಿತ್ತು, ಬಿಡೋವಾಗ ಸುಂಯ್ ಅಂತ ಸಣ್ಣ ಶಿಳ್ಳೆ. ತಮ್ಮ ಗಾಡಿ ತೆಗೆದ, ಆಸ್ಪತ್ರೆಲಿ ಎರಡು ಸಲ ನೆಬ್ಯುಲೈಸರ್, ಅಂದ್ರೆ ಔಷಧಿನ ಮಂಜಿನಂಗೆ ಮಾಡಿ ಉಸಿರಿಗೆ ಕೊಡೋ ಯಂತ್ರ, ಹಾಕಿದ್ಮೇಲೆ ಬೆಳಗಿನ ಜಾವ ನಾಲ್ಕಕ್ಕೆ ನನ್ನ ತೊಡೆ ಮೇಲೆ ನಿದ್ದೆ ಮಾಡಿದ. ಆವತ್ತಿಂದ ಅಟ್ಟದ ಏಣಿನ ಅಮ್ಮ ತೆಗೆಸಿ ಹಿತ್ಲಲ್ಲಿ ಇಡ್ಸಿಬಿಟ್ಲು.

ಅಮ್ಮನ ಬಗ್ಗೆ ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಅಮ್ಮ ದಿನಾ ಬೆಳಿಗ್ಗೆ ಎದ್ದ ತಕ್ಷಣ ಹತ್ತು ಹನ್ನೆರಡು ಸೀನು ಸೀನ್ತಾಳೆ, ಒಂದಾದ್ಮೇಲೆ ಒಂದು. ನಾವಿಬ್ರೂ ಸ್ಕೂಲಿಗೆ ಏಳ್ತಿದ್ದಿದ್ದೇ ಆ ಶಬ್ದಕ್ಕೆ. ಹಾಸಿಗೆ ಕೊಡವಿದ್ರೆ ಸೀನು, ಹೊಸ ವರ್ಷಕ್ಕೆ ಮನೆ ಬಳಿದ್ರೆ ಸೀನು. ಯಾರಾದ್ರೂ ಕೇಳಿದ್ರೆ "ನಂದು ಶೀತದ ಮೈ ಕಣೆ" ಅಂದು ಸೆರಗಲ್ಲಿ ಮೂಗು ಒರೆಸ್ಕೊಂಡು ಕೆಲಸಕ್ಕೆ ಹೋಗ್ತಿದ್ಲು. ಅದೊಂದು ಕಾಯಿಲೆ, ಅದಕ್ಕೊಂದು ಹೆಸರಿದೆ, ಔಷಧಿ ಇದೆ ಅಂತ ನಮ್ಮನೇಲಿ ಯಾರಿಗೂ ಅನ್ಸೇ ಇರ್ಲಿಲ್ಲ.

ಮಗನ ವಿಷಯದಲ್ಲೂ ಹಂಗೇ ಆಯ್ತು. ಬೆಂಗಳೂರಿಗೆ ಬಂದ್ಮೇಲೆ ಡಾಕ್ಟ್ರು ಮೇಲೆ ಡಾಕ್ಟ್ರು. ಒಬ್ರು ಪ್ರತಿ ಸಲ ಆಂಟಿಬಯಾಟಿಕ್ ಬರ್ಕೊಟ್ರು, ಇನ್ನೊಬ್ರು ಪ್ರೈಮರಿ ಕಾಂಪ್ಲೆಕ್ಸ್, ಅಂದ್ರೆ ಮಕ್ಕಳಿಗೆ ಬರೋ ಟಿಬಿ, ಇರ್ಬಹುದು ಅಂದ್ರು, ಎಕ್ಸ್‌ರೇ, ರಕ್ತ, ತೋಳಿಗೆ ಚುಚ್ಚೋ ಟೆಸ್ಟ್ ಎಲ್ಲ ಆಗಿ ಅದಲ್ಲ ಅಂತಾಯ್ತು. ಮತ್ತೊಬ್ರು ಇನ್ಹೇಲರ್ ಕೊಟ್ರು, ಮನೇಲಿ ಅತ್ತೆಯವ್ರು ಅದು ಅಭ್ಯಾಸ ಆಗ್ಬಿಡತ್ತೆ, ಜೀವನಪೂರ್ತಿ ಬಿಡಕ್ಕಾಗಲ್ಲ ಅಂತ ಹೆದರಿದ್ರು, ಅವ್ರ ಭಯ ನನಗೂ ಅಂಟ್ಕೊಳ್ತು, ಸ್ವಲ್ಪ ಹುಷಾರಾದ ಕೂಡ್ಲೆ ನಾನೇ ನಿಲ್ಲಿಸ್ಬಿಡ್ತಿದ್ದೆ, ಎರಡು ವಾರಕ್ಕೆ ಮತ್ತೆ ವೀಸಿಂಗ್, ಅದೇ ಸುಂಯ್ ಅನ್ನೋ ಉಸಿರು. ಇನ್ಹೇಲರ್ ಔಷಧಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗತ್ತೆ, ಸಿರಪ್ಪು ಮಾತ್ರೆಗಿಂತ ಎಷ್ಟೋ ಕಮ್ಮಿ ಪ್ರಮಾಣ ಅಂತ ಆಮೇಲೆ ಅರ್ಥ ಆಯ್ತು. ಆ ಎರಡು ವರ್ಷ ನನಗೆ ಯಾರಾದ್ರೂ ಕೂರಿಸ್ಕೊಂಡು ಹೇಳಿದ್ರೆ ಚೆನ್ನಾಗಿತ್ತು.

ಅದಕ್ಕಿಂತ ದೊಡ್ಡ ತಪ್ಪು ಒಂದಿದೆ. ಯಾರೋ ಹೇಳಿದ್ರು ಅಂತ ಒಂದು ಲ್ಯಾಬಲ್ಲಿ ದೊಡ್ಡ ಪ್ಯಾಕೇಜ್ ಟೆಸ್ಟ್ ಮಾಡಿಸಿದ್ವಿ, ಒಂದೇ ಸಲ ರಕ್ತ ತಗೊಂಡು ನೂರಾರು ಪದಾರ್ಥಕ್ಕೆ ಅಲರ್ಜಿ ಇದೆಯಾ ಇಲ್ವಾ ಹೇಳ್ತಾರೆ. ರಿಪೋರ್ಟ್ ಬಂತು, ಬಣ್ಣಬಣ್ಣದ ಹಾಳೆಗಳು, ಕೆಂಪಲ್ಲಿ ಹಾಲು, ಗೋಧಿ, ಮೊಟ್ಟೆ, ಬದನೆಕಾಯಿ, ತೊಗರಿ, ಎಳ್ಳು. ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು. ಆವತ್ತಿಂದ ನಾಲ್ಕು ತಿಂಗಳು ಆ ಮಗುಗೆ ಹಾಲಿಲ್ಲ, ಚಪಾತಿ ಇಲ್ಲ, ಹುಳಿ ಇಲ್ಲ, ಬರ್ತ್‌ಡೇ ಪಾರ್ಟಿಲಿ ಕೇಕ್ ತಟ್ಟೆ ಮುಂದೆ ಬಂದ್ರೆ "ನಂಗೆ ಅಲರ್ಜಿ ಆಂಟಿ" ಅಂತ ತಾನೇ ಹೇಳಿ ಕೈ ಹಿಂದೆ ಕಟ್ಕೊಳ್ತಿದ್ದ. ಒಂದೂವರೆ ಕೆಜಿ ಇಳಿದ. ಮೂಗು ಮಾತ್ರ ಹಂಗೇ ಇತ್ತು. ಕೊನೆಗೆ ಅಲರ್ಜಿ ಡಾಕ್ಟ್ರ ಹತ್ರ ಹೋದಾಗ ಅವ್ರು ಆ ರಿಪೋರ್ಟ್ ಮೊದಲನೇ ಪುಟ ನೋಡಿ ಪಕ್ಕಕ್ಕಿಟ್ರು. ಅದ್ರಲ್ಲಿ ಅಳೆದಿದ್ದು ಐಜಿಜಿ ಅನ್ನೋ ಪ್ರತಿಕಾಯ, ಅಂದ್ರೆ ಹೊರಗಿಂದ ಬಂದಿದ್ದನ್ನ ಗುರುತು ಹಿಡಿಯೋಕೆ ದೇಹ ತಯಾರಿಸೋ ಪ್ರೋಟೀನು, ನಾವು ತಿಂದಿದ್ದಕ್ಕೆಲ್ಲ ಅದು ರಕ್ತದಲ್ಲಿ ಇರೋದು ಸಹಜ, ಅದು ಅಲರ್ಜಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ ಅಂದ್ರು. ಅಲರ್ಜಿಗೆ ಸಂಬಂಧಪಟ್ಟಿದ್ದು ಐಜಿಇ. ಒಂದು ಅಕ್ಷರದ ವ್ಯತ್ಯಾಸ, ಅದಕ್ಕೆ ನನ್ನ ಮಗ ನಾಲ್ಕು ತಿಂಗಳು ಹಾಲು ಬಿಟ್ಟಿದ್ದ. ಮನೆಗೆ ಬಂದು ಒಂದು ಲೋಟ ಹಾಲು ಕಾಸಿ ಕೊಟ್ಟೆ, ಗಟಗಟ ಕುಡಿದು ಬಿಳಿ ಮೀಸೆ ಇಟ್ಕೊಂಡು ಇನ್ನೊಂದು ಲೋಟ ಕೇಳಿದ, ನಾನು ಒಳಗೆ ಹೋಗಿ ಅತ್ತೆ.

ಸರಿಯಾದ ಟೆಸ್ಟ್ ಹೆಂಗಿರತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಹೆಸರು ಕೇಳಿದ್ರೇ ತುಂಬಾ ಜನ ಹೆದರ್ತಾರೆ. ಒಂದು ವಾರ ಮುಂಚೆಯಿಂದ ನೆಗಡಿ ಮಾತ್ರೆ, ಅಂದ್ರೆ ಆಂಟಿಹಿಸ್ಟಮಿನ್ ನಿಲ್ಲಿಸ್ಬೇಕು, ಇಲ್ಲಾಂದ್ರೆ ಚರ್ಮ ಉತ್ತರನೇ ಕೊಡಲ್ಲ. ಮುಂಗೈ ಒಳಭಾಗನ ಸ್ಪಿರಿಟಲ್ಲಿ ಒರೆಸಿ, ಪೆನ್ನಲ್ಲಿ ನಂಬರ್ ಬರೆದು, ಪ್ರತಿ ನಂಬರ್ ಪಕ್ಕ ಒಂದೊಂದು ಹನಿ ಹಾಕ್ತಾರೆ. ಒಂದು ಹನಿ ಬರೀ ಉಪ್ಪುನೀರು, ಅದಕ್ಕೆ ಚರ್ಮ ಉಬ್ಬಬಾರ್ದು, ಒಂದು ಹನಿ ಹಿಸ್ಟಮಿನ್, ಅಂದ್ರೆ ಅಲರ್ಜಿ ಆದಾಗ ಮೈಯೇ ಸುರಿಸೋ ತುರಿಕೆಯ ರಾಸಾಯನಿಕ, ಅದಕ್ಕೆ ಉಬ್ಬಲೇಬೇಕು, ಮಿಕ್ಕಿದ್ದು ಧೂಳಿನ ಹುಳ, ಜಿರಳೆ, ಬೂಷ್ಟು, ಪರಾಗ, ನಾಯಿ ಬೆಕ್ಕಿನ ಕೂದಲು ಅಂತ. ಸಣ್ಣ ಸೂಜಿಮೊನೆಯಿಂದ ಹನಿ ಮೂಲಕ ಚರ್ಮನ ಒಂಚೂರು ಒತ್ತುತಾರೆ, ರಕ್ತ ಬರಲ್ಲ. ಹದಿನೈದು ನಿಮಿಷ ಕೆರ್ಕೊಳ್ಳಂಗಿಲ್ಲ. ಪುಟ್ಟ ಕೈ ಟೇಬಲ್ ಮೇಲೆ ಚಾಚ್ಕೊಂಡು ಕೂತಿದ್ದ, ನಾನು ಊದ್ತಾ ಇದ್ದೆ, ನೋಡ್ತಾ ನೋಡ್ತಾ ಹಿಸ್ಟಮಿನ್ ಹಾಕಿದ್ದ ಜಾಗ ಬಿಟ್ಟು ಇನ್ನೂ ಮೂರು ಕಡೆ ದದ್ದು ಏಳ್ತು, ಸೊಳ್ಳೆ ಕಚ್ಚಿದಂಗೆ ನಡುವೆ ಬೆಳ್ಳಗೆ ಉಬ್ಬಿ ಸುತ್ತ ಕೆಂಪು. ಉಪ್ಪುನೀರಿಗಿಂತ 3 ಮಿಲಿಮೀಟರ್ ಜಾಸ್ತಿ ಉಬ್ಬಿದ್ರೆ ಪಾಸಿಟಿವ್. ಅವನಿಗೆ ಎರಡು ಜಾತಿ ಧೂಳಿನ ಹುಳಕ್ಕೆ 8 ಮತ್ತು 7, ಜಿರಳೆಗೆ 4. ಹಾಲು, ಗೋಧಿ, ಮೊಟ್ಟೆ ಎಲ್ಲ ಸೊನ್ನೆ. ನಾನು ಕಾಂಗ್ರೆಸ್ ಗಿಡ ಇರತ್ತೆ ಅಂದ್ಕೊಂಡಿದ್ದೆ, ನಮ್ಮ ಲೇಔಟಿನ ಖಾಲಿ ಸೈಟಲ್ಲೆಲ್ಲ ಅದೇ ತುಂಬಿದೆ, ಅದಕ್ಕೂ ಸೊನ್ನೆ.

ಧೂಳಿನ ಹುಳ ಅಂದ್ರೆ ಕಣ್ಣಿಗೆ ಕಾಣಲ್ಲ, ಮಿಲಿಮೀಟರಲ್ಲಿ ಮೂರನೇ ಒಂದು ಭಾಗ ಅಷ್ಟೇ. ನಮ್ಮ ಮೈಯಿಂದ ಉದುರೋ ಚರ್ಮದ ಹೊಟ್ಟು ತಿಂದ್ಕೊಂಡು ಹತ್ತಿ ಹಾಸಿಗೆ, ದಿಂಬು, ಸೋಫಾ, ಕರ್ಟನ್ನಲ್ಲಿ ಬದುಕತ್ತೆ, ಕಚ್ಚಲ್ಲ, ಅದ್ರ ಹಿಕ್ಕೆ ಒಣಗಿ ಪುಡಿಯಾಗಿ ಗಾಳಿಗೆ ಸೇರತ್ತಲ್ಲ, ಅದೇ ತೊಂದ್ರೆ. ಅತಿ ಬಿಸಿಲು ಇಲ್ದ, ಹವೆಲಿ ತೇವ ಇರೋ ಬೆಂಗಳೂರಿನಂಥ ಊರು ಅದಕ್ಕೆ ಸ್ವರ್ಗ. ಇಲ್ಲಿನ ಮಕ್ಕಳ ಡಾಕ್ಟರ್ ಎಚ್. ಪರಮೇಶ್ ಅವ್ರು ಆಸ್ಪತ್ರೆಗೆ ಬರೋ ಮಕ್ಕಳ ಲೆಕ್ಕ ವರ್ಷಗಟ್ಟಲೆ ಇಟ್ಟಿದ್ರು, 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿ ಆಸ್ತಮಾ ಇದ್ರೆ 1999ರ ಹೊತ್ತಿಗೆ ಅದು 29.5 ಆಗಿತ್ತು. ಗಾಡಿ, ಹೊಗೆ, ಕಟ್ಟಡ, ಕಿಟಕಿ ಮುಚ್ಚಿದ ಮನೆ, ಕಾರಣ ಒಂದೇ ಅಲ್ಲ ಬಿಡಿ. ಆದ್ರೆ ಆ ಅಂಕಿ ನೋಡ್ದಾಗ ನಮ್ಮ ಬೀದಿಲಿ ಸಂಜೆ ಆಟ ಆಡೋ ಮಕ್ಕಳನ್ನ ಮನಸ್ಸಲ್ಲೇ ಎಣಿಸ್ದೆ.

ಡಾಕ್ಟ್ರು ಆವತ್ತು ಹೇಳಿದ್ದು ಇಷ್ಟು. ದಿಂಬು ಹಾಸಿಗೆಗೆ ಹುಳ ಹೊರಗೆ ಬರದಂಥ ಕವರ್ ಹಾಕಿ, ಬೆಡ್‌ಶೀಟ್ ವಾರಕ್ಕೊಂದ್ಸಲ 60 ಡಿಗ್ರಿ ಬಿಸಿನೀರಲ್ಲಿ ಒಗೀರಿ, ಮೂಗಿನ ಸ್ಪ್ರೇ, ಇನ್ಹೇಲರ್ ತಪ್ಪಿಸ್ಬೇಡಿ, ಇದ್ರಿಂದ ಹಿಡಿತಕ್ಕೆ ಬರತ್ತೆ. ಆದ್ರೆ ಔಷಧಿ ಇರೋವರೆಗೆ ಹಿಡಿತ, ಬಿಟ್ರೆ ಮತ್ತೆ ಬರತ್ತೆ. ಅಲರ್ಜಿಯ ಸ್ವಭಾವನೇ ಬದಲಾಯಿಸೋ ಚಿಕಿತ್ಸೆ ಅಂತ ಇರೋದು ಇಮ್ಯುನೊಥೆರಪಿ ಒಂದೇ, ಯಾವುದು ಆಗಲ್ವೋ ಅದನ್ನೇ ಅಳತೆ ಮಾಡಿ, ಚೂರುಚೂರೇ ಹೆಚ್ಚಿಸ್ತಾ ಚರ್ಮದ ಕೆಳಗೆ ಕೊಡೋದು, ಮೂರರಿಂದ ಐದು ವರ್ಷ.

ಮೂರರಿಂದ ಐದು ವರ್ಷ! ನಾನು ವಾರ ಅಂದ್ರೇನೋ ಅಂದ್ಕೊಂಡು ಇನ್ನೊಂದ್ಸಲ ಕೇಳಿದೆ.

ನನಗೆ ಆಗ ಬಂದ ಮೊದಲ ಪ್ರಶ್ನೆನ ಹಂಗೇ ಕೇಳಿದೆ, ಸರ್, ಹುಟ್ಟಿದಾಗಿಂದ ದಿನಾ ಅದೇ ಧೂಳು ಮೂಗಿಗೆ ಹೋಗ್ತಾನೇ ಇದೆಯಲ್ಲ, ಅಭ್ಯಾಸ ಆಗೋದಾದ್ರೆ ಇಷ್ಟೊತ್ತಿಗೆ ಆಗ್ಬೇಕಿತ್ತಲ್ವಾ? ಅವ್ರು ಬೇಜಾರು ಮಾಡ್ಕೊಳ್ದೆ ಹಾಳೆ ತಗೊಂಡು ಚಿತ್ರ ಬರೆದ್ರು. ಮೂಗಿನ ಪೊರೆಲಿ ಮಾಸ್ಟ್ ಸೆಲ್ ಅಂತ ಇರತ್ತೆ, ಅದ್ರ ಮೈಮೇಲೆ ಐಜಿಇ ಕಾಯ್ತಾ ಕೂತಿರತ್ತೆ, ಧೂಳಿನ ಕಣ ಬಂದು ತಗುಲಿದ್ರೆ ಸಾಕು ಹಿಸ್ಟಮಿನ್ ಸುರಿಯತ್ತೆ, ಸೀನು, ನೀರು, ತುರಿಕೆ. ಉಸಿರಲ್ಲಿ ಒಳಗೆ ಹೋಗೋದು ಲೆಕ್ಕಕ್ಕೆ ಸಿಗದಷ್ಟು ಕಮ್ಮಿ, ಅದೂ ಇವತ್ತಿಷ್ಟು ನಾಳೆ ಅಷ್ಟು, ಹೋಗೋ ದಾರಿನೂ ಮೊದಲೇ ಕೆರಳಿರೋ ಜಾಗ, ಅಂಥ ಕಡೆ ದೇಹ ಜಗಳ ಕಲಿಯತ್ತೇ ಹೊರತು ಸಮಾಧಾನ ಕಲಿಯಲ್ಲ. ಇಂಜೆಕ್ಷನ್ನಲ್ಲಿ ಕೊಡೋದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಆದ್ರೆ ಬೇರೆ ದಾರಿಲಿ, ನಿಧಾನಕ್ಕೆ, ತಪ್ಪದೆ. ಆಗ ಬಿಳಿ ರಕ್ತಕಣಗಳಲ್ಲಿ ಗಲಾಟೆ ತಣ್ಣಗೆ ಮಾಡೋ ಒಂದು ಜಾತಿ ಟಿ ಕಣಗಳು ಹೆಚ್ಚಾಗ್ತವೆ, ಐಜಿಜಿ4 ಅನ್ನೋ ಇನ್ನೊಂದು ಪ್ರತಿಕಾಯ ತಯಾರಾಗತ್ತೆ, ಧೂಳಿನ ಕಣ ಐಜಿಇ ಹತ್ರ ಹೋಗೋಕೆ ಮುಂಚೆನೇ ಅದು ಹಿಡ್ಕೊಂಡ್ಬಿಡತ್ತೆ. ಆ ಹಾಳೆನ ನಾನು ಇನ್ನೂ ಫೈಲಲ್ಲಿ ಇಟ್ಟಿದ್ದೀನಿ. ಊರಲ್ಲಿ ನಮ್ಮ ನಾಯಿ ಹೊಸಬ್ರು ಬೇಲಿ ಹಾರಿ ಬಂದ್ರೆ ಮೈಮೇಲೆ ಬೀಳತ್ತೆ, ಅದೇ ಮನುಷ್ಯ ದಿನಾ ಬಾಗ್ಲಿಂದ ಅಪ್ಪನ ಜೊತೆ ಮಾತಾಡ್ತಾ ಬಂದ್ರೆ ಬಾಲ ಅಲ್ಲಾಡ್ಸತ್ತೆ, ಅದು ನೆನಪಾಯ್ತು.

ಮನೆಗೆ ಬಂದು ಓದಿದ್ದೇ ಓದಿದ್ದು. ಇದು ಹೊಸ ಪ್ರಯೋಗ ಏನೋ ಅಂದ್ಕೊಂಡಿದ್ದೆ, ನೋಡಿದ್ರೆ ನೂರು ವರ್ಷ ದಾಟಿದೆ. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಲಿ ಲಿಯೊನಾರ್ಡ್ ನೂನ್ ಅನ್ನೋ ಡಾಕ್ಟ್ರು 1911ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬರೆದ್ರು, ಹುಲ್ಲಿನ ಪರಾಗದ ರಸ ತೆಗೆದು ಪರಾಗದಿಂದ ಸೀನೋ ಜನಕ್ಕೆ ಸ್ವಲ್ಪ ಸ್ವಲ್ಪ ಚುಚ್ಚಿ, ಎಷ್ಟು ತಡ್ಕೊಳ್ತಾರೆ ಅಂತ ಅದೇ ರಸನ ಕಣ್ಣಿಗೆ ಹನಿ ಹಾಕಿ ಅಳೀತಿದ್ರಂತೆ. ಪರಾಗದಲ್ಲಿ ವಿಷ ಇದೆ ಅಂತ ಅವ್ರು ನಂಬಿದ್ದು, ಕಾರಣ ತಪ್ಪು, ದಾರಿ ಸರಿ. 1913ರಲ್ಲಿ ಅವ್ರು ಟಿಬಿಯಿಂದ ತೀರ್ಕೊಂಡ್ರು, ಜೊತೆಗಾರ ಜಾನ್ ಫ್ರೀಮನ್ ಕೆಲಸ ಮುಂದುವರ್ಸಿದ್ರು. ಐಜಿಇ ಅನ್ನೋದು ಒಂದಿದೆ ಅಂತ ಇಷಿಜಾಕಾ ಅನ್ನೋ ಜಪಾನಿ ವಿಜ್ಞಾನಿ ದಂಪತಿ ಕಂಡುಹಿಡಿದಿದ್ದು 1966ರಲ್ಲಿ. ಮನೆ ಧೂಳಿನ ಅಲರ್ಜಿಗೆ ಮೂಲ ಈ ಹುಳ ಅಂತ ನೆದರ್ಲೆಂಡ್ಸ್‌ನವ್ರು ತೋರಿಸಿದ್ದು 1964ರಲ್ಲಿ, ಅದಕ್ಕೂ ಮುಂಚೆ ಡಾಕ್ಟ್ರುಗಳು ಮನೆ ಧೂಳಿನ ರಸನೇ ಚುಚ್ಚುತಿದ್ರು. ಅಂದ್ರೆ ಯಾಕೆ ಕೆಲಸ ಮಾಡತ್ತೆ ಅಂತ ಗೊತ್ತಾಗೋಕೆ ಅರ್ಧ ಶತಮಾನ ಮುಂಚೆನೇ ಕೆಲಸ ಮಾಡ್ತಿತ್ತು. ನನಗೆ ಧೈರ್ಯ ಕೊಟ್ಟಿದ್ದು ಇದು.

ಹೆದರಿಕೆ ಹುಟ್ಟಿಸಿದ್ದೂ ಇದೆ, ಅದನ್ನ ಮುಚ್ಚಿಡಲ್ಲ. ಬ್ರಿಟನ್ನಿನಲ್ಲಿ 1957ರಿಂದ 1986ರ ತನಕ ಈ ಇಂಜೆಕ್ಷನ್ನಿಂದ 26 ಜನ ಸತ್ತಿದ್ರು, ಅದಾದ್ಮೇಲೆ ಅಲ್ಲಿ ಸಣ್ಣ ಕ್ಲಿನಿಕ್ಕುಗಳಲ್ಲಿ ಕೊಡೋದು ಹೆಚ್ಚುಕಮ್ಮಿ ನಿಂತೇಹೋಯ್ತು. ಯಾವ ಕಾಯಿಲೆಗೆ ತಗೊಂಡಿದ್ರು ಅಂತ ಗೊತ್ತಿದ್ದವ್ರಲ್ಲಿ ಹೆಚ್ಚಿನವ್ರು ಆಸ್ತಮಾ ಇದ್ದೋರು. ಅದಕ್ಕೇ ಈಗ ಆಸ್ತಮಾ ಹಿಡಿತದಲ್ಲಿ ಇಲ್ದೇ ಇದ್ರೆ ಚುಚ್ಚಲ್ಲ, ಉಸಿರಿನ ಬಲ ಅಳೆಯೋ ಮೀಟ್ರಿಗೆ ಪ್ರತಿ ಸಲ ಊದಿಸಿ ನೋಡ್ತಾರೆ, ಚುಚ್ಚಿದ್ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸ್ತಾರೆ, ಪಕ್ಕದಲ್ಲಿ ಅಡ್ರಿನಲಿನ್, ಅಂದ್ರೆ ದೊಡ್ಡ ರಿಯಾಕ್ಷನ್ ಆದ್ರೆ ತಕ್ಷಣ ಚುಚ್ಚೋ ಔಷಧಿ, ಇರ್ಲೇಬೇಕು.

ಮನೇಲಿ ಹತ್ತು ಜನ ಹತ್ತು ಮಾತು. ನಮ್ಮೋರು ಅಷ್ಟು ದುಡ್ಡು, ಅಷ್ಟು ವರ್ಷ, ಗ್ಯಾರಂಟಿ ಏನು ಅಂದ್ರು, ಇನ್ಶೂರೆನ್ಸಲ್ಲಿ ಒಂದು ರೂಪಾಯಿ ಬರಲ್ಲ ಅನ್ನೋದೂ ನಿಜ. ಅಪ್ಪ ಫೋನ್ ಮಾಡಿ ಮೃಗಶಿರ ಮಳೆ ಹುಟ್ಟೋ ದಿನ ಹೈದರಾಬಾದಲ್ಲಿ ಮೀನಿನ ಬಾಯಲ್ಲಿ ಔಷಧಿ ಇಟ್ಟು ನುಂಗಿಸ್ತಾರಂತೆ, ನಮ್ಮೂರಿಂದನೂ ಇಬ್ರು ಹೋಗಿದ್ರು, ಕರ್ಕೊಂಡು ಹೋಗೋಣ ಅಂದ್ರು. ಅಪ್ಪನ ದನಿಲಿದ್ದ ಕಳವಳ ನನಗೆ ಅರ್ಥ ಆಗ್ತಿತ್ತು, ಆದ್ರೆ ಉಸಿರಿನ ತೊಂದ್ರೆ ಇರೋ ಮಗುಗೆ ಬದುಕಿರೋ ಮೀನು ನುಂಗ್ಸೋಕೆ ನನ್ನ ಮನಸ್ಸು ಒಪ್ಲಿಲ್ಲ. ಆ ವಾರ ಮೊಬೈಲಲ್ಲಿ ಓದಿದ ಒಂದು ಅಧ್ಯಯನನೇ ನನ್ನ ತೀರ್ಮಾನಕ್ಕೆ ತಂದಿದ್ದು. ಯುರೋಪಿನಲ್ಲಿ ಪರಾಗದಿಂದ ಮೂಗಿನ ಅಲರ್ಜಿ ಇದ್ದ, ಇನ್ನೂ ಆಸ್ತಮಾ ಬಂದಿರದ ಮಕ್ಕಳಿಗೆ ಮೂರು ವರ್ಷ ಇಂಜೆಕ್ಷನ್ ಕೊಟ್ಟು ಆಮೇಲೆ ನಿಲ್ಲಿಸಿ, ಶುರು ಮಾಡಿದ ಹತ್ತು ವರ್ಷಕ್ಕೆ ಮತ್ತೆ ನೋಡಿದ್ರಂತೆ. ತಗೊಂಡ 64 ಮಕ್ಕಳಲ್ಲಿ 16 ಜನಕ್ಕೆ ಆಸ್ತಮಾ ಬಂದಿತ್ತು, ತಗೊಳ್ಳದ 53ರಲ್ಲಿ 24 ಜನಕ್ಕೆ. ಅದು ಪರಾಗ, ನಮ್ದು ಧೂಳಿನ ಹುಳ, ಆ ಮಕ್ಕಳಿಗೆ ವೀಸಿಂಗ್ ಇರ್ಲಿಲ್ಲ, ನನ್ನ ಮಗನಿಗೆ ಇತ್ತು, ಎರಡನ್ನೂ ತಕ್ಕಡಿಲಿಟ್ಟು ತೂಗೋಕಾಗಲ್ಲ ಗೊತ್ತು. ಆದ್ರೂ ಔಷಧಿ ನಿಲ್ಲಿಸಿ ಏಳು ವರ್ಷ ಆದ್ಮೇಲೂ ಅದ್ರ ಗುಣ ಉಳ್ಕೊಂಡಿದೆ ಅಂದ್ರೆ, ನಾವು ಕೊಡ್ತಿದ್ದ ಯಾವ ಸಿರಪ್ಪೂ ಅಷ್ಟು ಮಾಡಲ್ಲ.

ನಾಲಿಗೆ ಕೆಳಗೆ ಇಟ್ಕೊಳ್ಳೋ ಡ್ರಾಪ್ಸ್ ಕೂಡ ಇದೆ, ಮನೇಲೇ ಹಾಕ್ಬಹುದು, ಒಂದೆರಡು ನಿಮಿಷ ಹಂಗೇ ಹಿಡ್ಕೊಂಡು ನುಂಗೋದು, ದೊಡ್ಡ ರಿಯಾಕ್ಷನ್ ಆಗೋದು ತುಂಬಾ ಅಪರೂಪ, ಸೂಜಿಗೆ ಹೆದರೋ ಮಕ್ಕಳಿಗೆ ಅದೇ ಒಳ್ಳೇದು. ನಾವು ಯೋಚನೆ ಮಾಡಿ ಬಿಟ್ವಿ. ಇಬ್ರೂ ಕೆಲಸಕ್ಕೆ ಹೋಗೋರು, ಬೆಳಿಗ್ಗೆ ಡಬ್ಬಿ, ಸ್ಕೂಲ್ ವ್ಯಾನ್ ಅಂತ ಓಡಾಡೋ ಮನೇಲಿ ಮೂರು ವರ್ಷ ಒಂದು ದಿನನೂ ಮರೀದೆ ಹನಿ ಹಾಕೋಕೆ ಆಗತ್ತಾ ಅಂತ ನಮ್ಮನ್ನ ನಾವೇ ಕೇಳ್ಕೊಂಡ್ವಿ, ಆಗಲ್ಲ ಅನ್ನಿಸ್ತು.

ಹಂಗೆ ಅವನಿಗೆ ಏಳು ತುಂಬೋ ಮುಂಚೆ ಶುರುವಾಯ್ತು. ಶನಿವಾರ ಬೆಳಿಗ್ಗೆ, ವಾರಕ್ಕೊಂದು. ಮೊದಲನೇ ಬಾಟ್ಲು ತೀರಾ ತೆಳು, 0.1 ಎಂಎಲ್ ಇಂದ ಮೇಲಕ್ಕೆ, ಅದು ಮುಗಿದ್ರೆ ಹತ್ತುಪಟ್ಟು ಗಟ್ಟಿ ಇರೋ ಎರಡನೇ ಬಾಟ್ಲು, ಮತ್ತೆ 0.1 ಇಂದ. ಒಂದು ದಪ್ಪ ರಟ್ಟಿನ ಕಾರ್ಡು, ತಾರೀಖು, ಯಾವ ತೋಳು, ಎಷ್ಟು ಎಂಎಲ್, ಅರ್ಧ ಗಂಟೆ ಆದ್ಮೇಲೆ ಉಬ್ಬು ಎಷ್ಟಿತ್ತು, ಎಲ್ಲ ಅದ್ರಲ್ಲಿ. ಇನ್ಸುಲಿನ್ ಸಿರಿಂಜಿನಂಥ ಸಣ್ಣ ಸೂಜಿ, ಮೊದಲ ಮೂರು ವಾರ ಅತ್ತ, ಆಮೇಲೆ ತಾನೇ ತೋಳು ಮಡಿಚಿ ನಿಲ್ತಿದ್ದ. ಆ ಅರ್ಧ ಗಂಟೆಲಿ ನಾವಿಬ್ರೂ ಗಾದೆ ಆಟ ಆಡ್ತಿದ್ವಿ, ನಾನು ಅರ್ಧ ಹೇಳೋದು ಅವನು ಮುಗಿಸೋದು. ಅವನಿಗೆ ಈಗ ಬರೋ ಗಾದೆಗಳೆಲ್ಲ ಆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕಲಿತಿದ್ದು.

ಐದನೇ ತಿಂಗಳಲ್ಲಿ ಒಂದು ಶನಿವಾರದ ಬಗ್ಗೆ ಬರೀಲೇಬೇಕು. ಹಿಂದಿನ ರಾತ್ರಿ ಎರಡು ಮೂರು ಸಲ ಕೆಮ್ಮಿದ್ದ. ಬೆಳಿಗ್ಗೆ ಆರಾಮಾಗಿದ್ದ, ಊದೋ ಮೀಟ್ರಲ್ಲೂ ಪರವಾಗಿಲ್ಲ ಅನ್ನೋ ನಂಬರ್ ಬಂತು. ಸಿಸ್ಟರ್ ಕೇಳಿದ್ರು, ಜ್ವರ ಕೆಮ್ಮು ಏನಾದ್ರೂ ಇದೆಯಾ ಅಂತ. ಅದಕ್ಕೂ ಮುಂಚೆ ವೈರಲ್ ಜ್ವರ ಬಂದು ಎರಡು ವಾರ ತಪ್ಪಿತ್ತು, ಇನ್ನೂ ತಪ್ಪಿದ್ರೆ ಮತ್ತೆ ಹಿಂದಕ್ಕೆ ಹೋಗ್ಬೇಕಾಗತ್ತೆ ಅನ್ನೋ ಆತುರ ನನಗೆ. ಇಲ್ಲ ಅಂದೆ. ಚುಚ್ಚಿ ಹನ್ನೆರಡು ನಿಮಿಷ ಆಗಿರ್ಬೇಕು, "ಅಮ್ಮ ಕಿವಿ ಒಳಗೆ ಕೆರೀತಿದೆ" ಅಂದ, ಆಮೇಲೆ ಅಂಗೈ ಉಜ್ಕೊಳ್ಳೋಕೆ ಶುರು ಮಾಡಿದ, ಕುತ್ತಿಗೆ ನೋಡಿದ್ರೆ ಗಂಧೆ ಎದ್ದಿದೆ, ಅಂಗಿ ಎತ್ತಿದ್ರೆ ಹೊಟ್ಟೆಯೆಲ್ಲ. ಒಂದು ಒಣಕೆಮ್ಮು, ಇನ್ನೊಂದು. ನಾನು ಕೂಗೋ ಅಷ್ಟ್ರಲ್ಲಿ ಸಿಸ್ಟರ್ ಎತ್ಕೊಂಡು ಒಳಗೆ ಹೋಗಿದ್ರು, ಡಾಕ್ಟ್ರು ಚಡ್ಡಿ ಸರಿಸಿ ತೊಡೆ ಹೊರಭಾಗಕ್ಕೆ ಅಡ್ರಿನಲಿನ್ ಚುಚ್ಚಿದ್ರು, ಆಕ್ಸಿಜನ್ ಇಟ್ರು. ಐದು ನಿಮಿಷಕ್ಕೆ ಕೆಮ್ಮು ನಿಲ್ತು, ಮುಖದ ಕೆಂಪು ಇಳೀತು, ಕೈ ಮಾತ್ರ ಗಡಗಡ ನಡುಗ್ತಿತ್ತು, ಅದು ಅಡ್ರಿನಲಿನ್ನಿಂದ, ಭಯ ಬೇಡ ಅಂದ್ರು. ಸಂಜೆವರೆಗೂ ಅಲ್ಲೇ ಇಟ್ಕೊಂಡಿದ್ರು. ನಾನು ಡಾಕ್ಟ್ರ ಹತ್ರ ರಾತ್ರಿ ಕೆಮ್ಮಿದ ವಿಷಯ ಹೇಳಿದೆ, ಹೇಳೋವಾಗ ದನಿನೇ ಬರ್ಲಿಲ್ಲ. ಅವ್ರು ಬೈಲಿಲ್ಲ. "ಒಂದು ವಾರ ತಡ ಆದ್ರೆ ಏನೂ ಆಗಲ್ಲಮ್ಮ, ಹೇಳ್ದೇ ಇದ್ರೆ ಆಗತ್ತೆ" ಅಂದ್ರು. ಮುಂದಿನ ಸಲ ಡೋಸ್ ಎರಡು ಮೆಟ್ಟಿಲು ಇಳಿಸಿ ಶುರು ಮಾಡಿದ್ರು. ಇದನ್ನ ಓದೋ ಅಪ್ಪ ಅಮ್ಮಂದಿರು ಯಾರಾದ್ರೂ ಈ ದಾರಿಲಿ ಇದ್ರೆ ನಾನು ಕೈ ಮುಗಿದು ಕೇಳೋದು ಇದೊಂದೇ, ಸಿಸ್ಟರ್ ಕೇಳೋ ಆ ಪ್ರಶ್ನೆಗೆ ನಿಜ ಹೇಳಿ. ಅರ್ಧ ಗಂಟೆ ಮುಗಿಯೋಕೆ ಮುಂಚೆ ಗಾಡಿ ಹತ್ಬೇಡಿ. ಮನೇಲೇ ಯಾರೋ ನರ್ಸ್ ಬಂದು ಚುಚ್ಚಿ ಹೋಗ್ತಾರೆ ಅಂದ್ರೆ ಒಪ್ಕೊಬೇಡಿ.

ಆರು ತಿಂಗಳಿಗೆ ವ್ಯತ್ಯಾಸ ಕಂಡ್ತು ಅಂತ ಹೇಳಿದ್ರೆ ಸುಳ್ಳಾಗತ್ತೆ. ಎಂಟು, ಒಂಬತ್ತು ತಿಂಗಳವರೆಗೂ ನಾನು ದಿನಾ ಸೀನು ಎಣಿಸ್ತಿದ್ದೆ, ಎಣಿಸಿ ಎಣಿಸಿ ಸುಸ್ತಾಗಿ ನಿಲ್ಲಿಸ್ಬಿಟ್ಟೆ. ತಿಂಗಳಿಗೊಂದು ಇಂಜೆಕ್ಷನ್ನಿನ ಹಂತಕ್ಕೆ ಬಂದಿದ್ವಿ. ಒಂದು ದಿನ ಬೆಳಿಗ್ಗೆ ದೋಸೆ ಹಾಕ್ತಾ ಏನೋ ಕಮ್ಮಿ ಇದೆಯಲ್ಲ ಅನ್ನಿಸ್ತು, ಮನೇಲಿ ಏನೋ ಒಂದು ಶಬ್ದ ಇಲ್ಲ. ರೂಮಿಗೆ ಹೋಗಿ ನೋಡಿದ್ರೆ ಬಾಯಿ ಮುಚ್ಕೊಂಡು ಮಲಗಿದ್ದ. ಎರಡು ವರ್ಷದ ಮಗು ಆದಾಗಿಂದ ಬಾಯಿ ತೆರ್ಕೊಂಡೇ ನಿದ್ದೆ ಮಾಡಿದ್ದ ಹುಡುಗ, ತುಟಿ ಎರಡೂ ಸೇರಿದ್ವು, ಮೂಗಿನ ಹೊಳ್ಳೆ ಸಣ್ಣಗೆ ಆಡ್ತಿತ್ತು. ದೋಸೆ ಸೀದುಹೋಯ್ತು. ಮೂಗನ್ನ ಅಂಗೈಯಿಂದ ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಒಂದು ಅಡ್ಡಗೆರೆ ಬಿದ್ದಿತ್ತು, ಅದೂ ಈಗ ಬೆಳಕಿಗೆ ಹಿಡಿದು ನೋಡಿದ್ರೆ ಮಾತ್ರ ಕಾಣತ್ತೆ.

ಪೂರ್ತಿ ಹೋಯ್ತಾ? ಇಲ್ಲ. ಮಳೆಗಾಲದಲ್ಲಿ ಸೀನ್ತಾನೆ, ಸ್ಪ್ರೇ ಬೇಕಾಗತ್ತೆ. ದಿನಾ ತಗೊಳ್ತಿದ್ದ ಇನ್ಹೇಲರ್ ಡೋಸ್ ಡಾಕ್ಟ್ರೇ ಅರ್ಧ ಮಾಡಿದ್ದಾರೆ, ನೆಬ್ಯುಲೈಸರ್ ಪೆಟ್ಟಿಗೆ ಮೇಲೆ ಧೂಳು ಕೂತಿದೆ. ಎಲ್ಲರಿಗೂ ಇಷ್ಟು ಗುಣ ಆಗತ್ತೆ ಅಂತಲೂ ಇಲ್ಲ, ನಮ್ಮ ಜೊತೆ ಶುರು ಮಾಡಿದ ಒಂದು ಹುಡುಗಿಗೆ ಒಂದೂವರೆ ವರ್ಷ ಆದ್ರೂ ಏನೂ ಬದಲಾಗದೆ ನಿಲ್ಲಿಸಿದ್ರು, ಅವ್ರಮ್ಮ ಕೊನೇ ದಿನ ನನ್ನ ಕೈ ಹಿಡ್ಕೊಂಡು ಸುಮ್ನೆ ಕೂತಿದ್ರು.

ಊಟದ ಅಲರ್ಜಿ ಕಥೆ ಇನ್ನೊಂದು ದಾರಿ. ನಮ್ಮ ಚಿಕ್ಕಮ್ಮನ ಮಗಳು ಅಮೆರಿಕದಲ್ಲಿದ್ದಾಳೆ, ಅವಳ ಮಗಳಿಗೆ ಕಡ್ಲೆಕಾಯಿ ಆಗಲ್ಲ, ನಮ್ಮ ಕಡೆ ಅಡುಗೆಲಿ ಕಡ್ಲೆಕಾಯಿ ಇಲ್ದೇ ಇರೋದು ಏನಿದೆ ಹೇಳಿ, ಚಿತ್ರಾನ್ನ, ಪುಳಿಯೋಗರೆ, ಚಟ್ನಿಪುಡಿ, ಊರಿಗೆ ಬಂದ್ರೆ ಯಾರ ಮನೇಲೂ ಕೈ ತೊಳೆಯೋಕೂ ಹೆದರ್ತಾಳೆ. ಅಲ್ಲಿ 2020ರ ಜನವರಿಲಿ 4ರಿಂದ 17 ವರ್ಷದ ಮಕ್ಕಳಿಗೆ ಅಂತ ಕಡ್ಲೆಕಾಯಿ ಪುಡಿದೇ ಒಂದು ಔಷಧಿಗೆ ಸರ್ಕಾರದ ಒಪ್ಪಿಗೆ ಸಿಕ್ತು, ಪಾಲ್ಫೋರ್ಜಿಯಾ ಅಂತ, ಅರ್ಧ ಮಿಲಿಗ್ರಾಂ ಪ್ರೋಟೀನಿಂದ ಶುರು ಮಾಡಿ ತಿಂಗಳುಗಟ್ಟಲೆ ಏರಿಸಿ ದಿನಾ 300 ಮಿಲಿಗ್ರಾಂವರೆಗೆ, ಅಂದ್ರೆ ಹೆಚ್ಚುಕಮ್ಮಿ ಒಂದು ಬೀಜ. ಕಡ್ಲೆಕಾಯಿ ತಿನ್ನಲಿ ಅಂತ ಅಲ್ಲ ಅದು, ಗೊತ್ತಿಲ್ದೇ ಒಂದು ಚೂರು ಬಾಯಿಗೆ ಹೋದ್ರೆ ಜೀವ ಹೋಗದೇ ಇರಲಿ ಅಂತ. ಅದೇ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ 2015ರಲ್ಲಿ ಹೇಳಿದ್ದು ಇನ್ನೂ ದೊಡ್ಡ ಮಾತು, ಅಲರ್ಜಿ ಬರೋ ಸಾಧ್ಯತೆ ಇರೋ 640 ಹಸುಗೂಸುಗಳಲ್ಲಿ ಅರ್ಧಕ್ಕೆ ಮೊದಲ ವರ್ಷದಿಂದನೇ ಕಡ್ಲೆಕಾಯಿ ತಿನ್ನಿಸಿದ್ರು, ಅರ್ಧಕ್ಕೆ ದೂರ ಇಟ್ರು, ಐದು ವರ್ಷಕ್ಕೆ ತಿಂದವ್ರಲ್ಲಿ ನೂರಕ್ಕೆ 3.2, ದೂರ ಇಟ್ಟವ್ರಲ್ಲಿ 17.2 ಮಕ್ಕಳಿಗೆ ಅಲರ್ಜಿ ಇತ್ತು. ಆರು ತಿಂಗಳಿಗೆ ಅನ್ನಪ್ರಾಶನ ಮಾಡಿ ಮನೇಲಿ ಮಾಡಿದ್ದನ್ನೆಲ್ಲ ಬೆರಳ ತುದಿಲಿ ನಾಲಿಗೆಗೆ ಸವರ್ತಿದ್ದ ನಮ್ಮಜ್ಜಿ ಕಣ್ಮುಂದೆ ಬಂದ್ರು. ಅಲರ್ಜಿ ಈಗಾಗ್ಲೇ ಇರೋ ಮಗುಗೆ ಮಾತ್ರ ಇದನ್ನ ಮನೇಲಿ ಯಾವತ್ತೂ ಪ್ರಯತ್ನ ಮಾಡ್ಬಾರ್ದು, ಇದು ಡಾಕ್ಟ್ರ ಕಣ್ಣೆದುರಿಗೆ ಮಾತ್ರ ಆಗೋ ಕೆಲಸ.

ಈಗ ಎರಡು ವರ್ಷ ಎಂಟು ತಿಂಗಳು ಆಗಿದೆ. ಹೋದ ಏಪ್ರಿಲಲ್ಲಿ ಊರಿಗೆ ಹೋದಾಗ ಡಾಕ್ಟ್ರನ್ನ ಕೇಳ್ಕೊಂಡೇ ಹೋಗಿದ್ದೆ, ಬ್ಯಾಗಲ್ಲಿ ಇನ್ಹೇಲರ್, ಅದಕ್ಕೆ ಸಿಕ್ಕಿಸೋ ಸ್ಪೇಸರ್ ಕೊಳವೆ ಎಲ್ಲ ಇತ್ತು. ತಮ್ಮ ಹಿತ್ಲಿಂದ ಏಣಿ ತಂದ. ಅಮ್ಮ ಅಡುಗೆಮನೆ ಬಾಗ್ಲಲ್ಲಿ ನಿಂತು "ಬೇಡ ಕಣೋ, ಬೇಡ ಕಣೋ" ಅಂತಿದ್ಲು. ಮಗ ಮುಖಕ್ಕೆ ಕರ್ಚೀಫ್ ಕಟ್ಕೊಂಡು ಹತ್ತಿದ, ನಾನು ಹಿಂದೆನೇ. ಒಂದು ಕಾಯಿ ಎತ್ಕೊಂಡು ಕಿವಿ ಹತ್ರ ಹಿಡಿದು ಅಲ್ಲಾಡ್ಸಿದ, ಶಬ್ದ ಬರ್ಲಿಲ್ಲ, ಇನ್ನೊಂದು, ಅದೂ ಇಲ್ಲ, ಮೂರನೇದು ಗಡಗಡ ಅಂತು. ಹತ್ತು ನಿಮಿಷಕ್ಕೆ ಇಳಿಸ್ದೆ. ನಾಲ್ಕು ಸೀನು ಬಂತು, ಮುಖ ತೊಳೆದು ಬಟ್ಟೆ ಬದಲಾಯಿಸಿ ಮಜ್ಜಿಗೆ ಅನ್ನ ತಿಂದು ಅಜ್ಜಿ ಪಕ್ಕ ಮಲಗಿದ. ನಾನು ರಾತ್ರಿಯೆಲ್ಲ ಎದ್ದೆದ್ದು ಹೋಗಿ ಎದೆಗೆ ಕಿವಿ ಇಟ್ಟು ಕೇಳಿದೆ. ಬರೀ ಉಸಿರು.

ಬೆಳಿಗ್ಗೆ ಹಾಸಿಗೆ ಸುತ್ತೋವಾಗ ಅಮ್ಮ ಎಂದಿನಂಗೆ ಸೀನೋಕೆ ಶುರು ಮಾಡಿದ್ಲು, ಹನ್ನೊಂದು ಎಣಿಸ್ದೆ. ಮುಗಿದ್ಮೇಲೆ ಕಣ್ಣು ಮೂಗು ಒರೆಸ್ಕೊಂಡು, ಮೊಮ್ಮಗನ ತೋಳಲ್ಲಿ ಇಂಜೆಕ್ಷನ್ ಚುಚ್ಚೋ ಜಾಗನ ಹೆಬ್ಬೆರಳಲ್ಲಿ ಸವರ್ತಾ ಸ್ವಲ್ಪ ಹೊತ್ತು ಸುಮ್ನಿದ್ಲು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ್ಲು, "ನಂದೂ ಇದೇ ಏನೇ ಹಂಗಾದ್ರೆ? ನಲವತ್ತು ವರ್ಷದಿಂದ?"

ಇದೇ ಇರ್ಬಹುದಮ್ಮ ಅಂದೆ.

"ನಮ್ಮಂಥ ವಯಸ್ಸಾದೋರಿಗೂ ಆ ಟೆಸ್ಟ್ ಮಾಡ್ತಾರಾ?"

ಮಾಡ್ತಾರೆ. ದೀಪಾವಳಿ ಮುಗಿಸ್ಕೊಂಡು ಬೆಂಗಳೂರಿಗೆ ಬರ್ತಾಳೆ, ಅದ್ರ ಮುಂದಿನ ಶನಿವಾರಕ್ಕೆ ಮಗನ ಇಂಜೆಕ್ಷನ್ ಜೊತೆಗೇ ಅಮ್ಮನಿಗೂ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ಒಂದು ವಾರ ಮುಂಚೆ ಮಾತ್ರೆ ನಿಲ್ಲಿಸ್ಬೇಕು ಅಂತ ಅಜ್ಜಿಗೆ ಫೋನಲ್ಲಿ ಹೇಳಿದ್ದು ಮಗನೇ.